ಇರಬಹುದು ಅನ್ನುವಷ್ಟು

ಅಂಬಲಿಯವ್ವನ ಗದ್ದುಗೆಯ ಪಕ್ಕದ ಶಾಸನದ ಕಲ್ಲಿಗೆ ಯಾರೋ ಮಸಿ ಬಳಿಯುತ್ತಿದ್ದರು. ದೂರದಿಂದಲೇ ಅದನ್ನು ಕಂಡ ಸುನಂದಾ ಹಿಂದೆಮುಂದೆ ಯೋಚಿಸಲಿಲ್ಲ. ಗದ್ದುಗೆ ತೊಳೆಯಲೆಂದು ಹೊಳೆಯಿಂದ ತಂದ ಕೊಡ ಸೊಂಟದಲ್ಲೇ ಇತ್ತು. ಸದ್ದಾಗದಂತೆ ಹಿಂದಿನಿಂದ ಹೋಗಿ ಅಷ್ಟೂ ನೀರನ್ನು ಆ ಮನುಷ್ಯನ ತಲೆಯ ಮೇಲೆ ಸುರಿದಳು.

ಅವನು ಕೂಗಲಿಲ್ಲ. ಮೆಲ್ಲಗೆ ತಿರುಗಿದ. ಹಣೆಯಿಂದ ಮೂಗಿನ ತುದಿಗೆ ಕಪ್ಪು ನೀರು ಇಳಿಯುತ್ತಿತ್ತು. ರೆಪ್ಪೆ ಬಡಿಬಡಿದು ಅವಳನ್ನು ನೋಡಿದ.

“ನೀರು ಬೇಕಾಗಿದ್ದು ಖರೆ ರೀ,” ಅಂದ. “ಇಷ್ಟು ಬೇಕಾಗಿರಲಿಲ್ಲ.”

“ಅವ್ವನ ಕಲ್ಲಿಗೆ ಮಸಿ ಹಚ್ಚಾಕ ಯಾರು ಹೇಳ್ಯಾರ ನಿಮಗ?”

“ಮಸಿ ಕಲ್ಲಿಗಲ್ರಿ, ಕಾಗದಕ್ಕ. ಕಲ್ಲಿನ ಮ್ಯಾಲೆ ಒದ್ದಿ ಕಾಗದ ಅಂಟಿಸಿ, ಬ್ರಷ್‌ಲೆ ಬಡಿದು, ಆರಿದ ಮ್ಯಾಲೆ ಮಸಿ ಒತ್ತಿದ್ರ ಅಕ್ಷರ ಬೆಳ್ಳಗ ಮೂಡ್ತಾವ.” ಕಲ್ಲಿನಿಂದ ಜಾರಿ ಕಾಲಬುಡದಲ್ಲಿ ಮುದ್ದೆಯಾಗಿ ಬಿದ್ದ ಕಾಗದವನ್ನು ನೋಡಿದ. “ಮೂಡ್ತಿದ್ದವು,” ಎಂದು ತಿದ್ದಿಕೊಂಡ.

ಅಷ್ಟರಲ್ಲಿ ಅವಳ ಅಪ್ಪ ಎರ್ರಿಸ್ವಾಮಿ ಟವೆಲು ಹಿಡಿದು ಓಡಿಬಂದರು. ನೆನೆದು ನಿಂತವನು ಸಂಗಮೇಶ್, ಕುರುಗೋಡಿನವನು, ಬಳ್ಳಾರಿಯ ಕಾಲೇಜೊಂದರಲ್ಲಿ ಇತಿಹಾಸದ ಉಪನ್ಯಾಸಕ. ಅವ್ವನ ಮೇಲೆ ಪುಸ್ತಕ ತರುತ್ತಿದ್ದ ಟ್ರಸ್ಟಿನವರು ಶಾಸನ ಓದಿಸಲು ಅವನನ್ನು ಕಳಿಸಿದ್ದರು. ಸುನಂದಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಸಾರಿ ರೀ ಸರ,” ಅಂದಳು.

“ಪರವಾಗಿಲ್ರಿ. ಮುಂದಿನ ಭಾನುವಾರ ಮತ್ತ ಬರ್ತೀನಿ,” ಅಂದ. ಹಾಗೆನ್ನುವಾಗ ಅವನು ಕಲ್ಲನ್ನು ನೋಡುತ್ತಿರಲಿಲ್ಲ.

*

ಕಡವಿನಹಾಳ್ ಸಿರುಗುಪ್ಪದಿಂದ ಕೆಂಚನಗುಡ್ಡ ದಾಟಿ, ಭತ್ತದ ಗದ್ದೆಗಳ ನಡುವೆ ಸಾಗಿದರೆ ತುಂಗಭದ್ರೆಗೆ ಅಂಟಿಕೊಂಡಂತೆ ಸಿಗುವ ಸಣ್ಣ ಊರು. ಎಂಟುನೂರು ವರ್ಷಗಳ ಹಿಂದೆ ಕುರುಗೋಡಿನಿಂದ ಗಂಡನ ಮನೆ ಬಿಟ್ಟು ಬಂದ ಹೆಂಗಸೊಬ್ಬಳು ಇಲ್ಲಿಯ ಕಡವಿನಲ್ಲಿ ಗಡಿಗೆಯಿಟ್ಟುಕೊಂಡು, ಹೊಳೆ ದಾಟುವವರಿಗೆಲ್ಲ ಜಾತಿ ಕೇಳದೆ ಅಂಬಲಿ ಎರೆದಳಂತೆ. ಅವಳೇ ಅಂಬಲಿಯವ್ವ. ಎರ್ರಿಸ್ವಾಮಿಯವರ ಮನೆತನ ತಲೆತಲಾಂತರದಿಂದ ಆ ಗದ್ದುಗೆ ನೋಡಿಕೊಂಡು, ಬಂದವರಿಗೆ ಬೆಳಿಗ್ಗೆ ಅಂಬಲಿ ಎರೆಯುತ್ತ ಬಂದಿತ್ತು. ಸುನಂದಾ ಸಿರುಗುಪ್ಪದ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ತಾಯಿಯಿಲ್ಲದ ಆ ಮನೆಯಲ್ಲಿ ಅಪ್ಪ, ಅವಳು, ಅಪ್ಪನ ತಾಯಿ ಚನ್ನವೀರಮ್ಮಜ್ಜಿ. ಮೂರೇ ಜನ.

ಸಂಗಮೇಶ್ ಮುಂದಿನ ಭಾನುವಾರ ಬಂದ. ಅದರ ಮುಂದಿನ ಭಾನುವಾರವೂ ಬಂದ. ಕಲ್ಲಿನ ಅಚ್ಚು ತೆಗೆಯುವುದು ಮುಗಿದ ಮೇಲೂ ಬಂದ. ಒಮ್ಮೆ ಗದ್ದುಗೆಯ ಅಳತೆ ಅಂದ, ಒಮ್ಮೆ ಬಾಗಿಲವಾಡದ ಫೋಟೊ ಅಂದ. ಮತ್ತೊಮ್ಮೆ ಯಾವ ನೆಪವನ್ನೂ ಹೇಳದೆ ಕಟ್ಟೆಯ ಮೇಲೆ ಕೂತು ಅಂಬಲಿ ಕುಡಿದ.

“ಬೆಲ್ಲ ಬೇಕೇನ್ರಿ ಸರ?” ಎಂದು ಸುನಂದಾ ಕೇಳಿದರೆ, “ಬ್ಯಾಡ್ರಿ ಟೀಚರ್, ನೀವು ಎರೆದ್ರ ಸಪ್ಪಗ ಇರಂಗಿಲ್ಲ,” ಎಂದ. ಆಮೇಲೆ ತಾನೇ ನಾಚಿ ಲೋಟದೊಳಗೆ ಮುಖ ಹುದುಗಿಸಿದ. ಅವನ ಕಿವಿಯ ತುದಿ ಕೆಂಪಗಾದದ್ದನ್ನು ಅವಳು ಅಷ್ಟು ಹೊತ್ತೂ ನೋಡಿದಳು.

ಒಂದು ದಿನ ಅವಳನ್ನು ನಿಟ್ಟೂರಿನ ಅಶೋಕನ ಬಂಡೆಯ ಹತ್ತಿರ ಕರೆದುಕೊಂಡು ಹೋದ. ಅಪ್ಪನನ್ನು ಕೇಳಿಯೇ ಕರೆದುಕೊಂಡು ಹೋದ. ಬಂಡೆಯ ಮೇಲೆ ಸವೆದ ಬ್ರಾಹ್ಮಿ ಅಕ್ಷರಗಳು ಇರುವೆ ಸಾಲಿನಂತೆ ಕಂಡವು.

“ಇಲ್ಲಿ ನೋಡ್ರಿ, ಅಶೋಕ ಅಂತ ಹೆಸರು ಐತಿ. ಬಾಳ ಕಡೆ ಬರೇ ‘ದೇವಾನಾಂಪ್ರಿಯ’ ಅಂತ ಬರೆಸ್ಯಾನ. ಆ ದೇವಾನಾಂಪ್ರಿಯ ಅಂದ್ರ ಯಾರು ಅಂತ ಖಾತ್ರಿ ಆಗಾಕ ಇಂಥ ಬಂಡೆಗಲ್ಲು ಸಿಗಬೇಕಾತು.”

“ಬುದ್ಧ ಇದ್ದ ಅಂತ ನಂಬ್ತೀರಿ ನೀವು. ಅವನನ್ನ ಕಣ್ಣಾರೆ ನೋಡಿದವರು ಬರೆದಿಟ್ಟದ್ದು ಐತೇನು?”

“ಇಲ್ರಿ. ಅವನು ಹೋಗಿ ಎಷ್ಟೋ ತಲಿಮಾರು ಆದ ಮ್ಯಾಲೆ ಇದೇ ಅಶೋಕ ಲುಂಬಿನಿಯಾಗ ಕಂಬ ನಿಲ್ಲಿಸಿ, ಬುದ್ಧ ಹುಟ್ಟಿದ್ದು ಇಲ್ಲೇ ಅಂತ ಬರೆಸಿದ.”

“ಅಷ್ಟಕ್ಕ ನಂಬಿಬಿಟ್ರಾ?”

“ಅಷ್ಟಕ್ಕ ಅಲ್ಲ. ಒಬ್ಬರನ್ನೊಬ್ಬರು ಕೇಳದ ಮಂದಿ ಬ್ಯಾರೆ ಬ್ಯಾರೆ ಕಡೆ ಒಂದೇ ಮಾತು ಹೇಳಿದ್ರ ಅದಕ್ಕ ತೂಕ ಬರತೈತಿ. ಆಗದವರು ಹೇಳಿದ್ರ ಇನ್ನೂ ತೂಕ. ಎಲ್ಲದಕ್ಕಿಂತ ತೂಕದ್ದು ಅಂದ್ರ, ಭಕ್ತರು ಮುಚ್ಚಿಡಬೇಕು ಅಂತ ಒದ್ದಾಡೋ ಮಾತು. ಏಸುವನ್ನ ನೋಡ್ರಿ. ನಮ್ಮ ಗುರುವನ್ನ ಕಳ್ಳರ ಜೊತಿ ಶಿಲುಬಿಗೆ ಏರಿಸಿದ್ರು ಅಂತ ಯಾವ ಶಿಷ್ಯ ಸುಳ್ಳು ಕಟ್ಟತಾನ? ಪವಾಡ ಕಟ್ಟಬಹುದು. ಅವಮಾನ ಯಾರೂ ಕಟ್ಟಂಗಿಲ್ಲ.”

ಅಂಥದೊಂದು ಮಾತು ಸುನಂದಾಳ ಮನೆಯಲ್ಲೇ ಇತ್ತು. ಬೀಸುವಾಗ ಚನ್ನವೀರಮ್ಮಜ್ಜಿ ಹಾಡುತ್ತಿದ್ದ ಹಾಡು:

ಗಡಿಗಿ ಬರಿದಾಯ್ತಂತ ಕದ ಹಾಕಿ ಕುಂತ್ಯವ್ವ
ಕದದಾಗ ಕೂಸು ಅಳತಿತ್ತ । ಅಂಬಲಿಯವ್ವ
ಕದ ತೆರೆವಾಗ ಅಳು ಇಲ್ಲ

ಬರಗಾಲದಲ್ಲಿ ಒಂದು ಸಂಜೆ ಗಡಿಗೆ ಬರಿದಾಗಿ, ದಣಿದ ಅವ್ವ ಸಿಟ್ಟಿನಿಂದ ಕದ ಹಾಕಿಕೊಂಡಳಂತೆ. ಬಾಗಿಲಲ್ಲಿ ಕೂಸಿನೊಂದಿಗೆ ಕೂತಿದ್ದ ಹೆಂಗಸನ್ನು ಒಳಗೆ ಕರೆಯಲಿಲ್ಲವಂತೆ. ಬೆಳಿಗ್ಗೆ ಕದ ತೆರೆದಾಗ ಕೂಸು ಸತ್ತಿತ್ತಂತೆ. ಎರ್ರಿಸ್ವಾಮಿಯವರಿಗೆ ಈ ಹಾಡೆಂದರೆ ಮೈಯುರಿ. “ದೇವರಂಥಾಕಿ ಮ್ಯಾಲೆ ಕೂಸಿನ ಸಾವು ಹೊರಿಸಬ್ಯಾಡ್ರಿ. ಹೊರಗಿನವರ ಮುಂದ ಇದರ ಸುದ್ದಿ ಎತ್ತಬ್ಯಾಡ್ರಿ,” ಎಂದು ಗದ್ದುಗೆ ಮುಟ್ಟಿಸಿ ಮಗಳಿಂದ ಮಾತು ತೆಗೆದುಕೊಂಡಿದ್ದರು. ಟ್ರಸ್ಟಿನವರ ಪುಸ್ತಕಕ್ಕೂ ಆ ಹಾಡನ್ನು ಕೊಟ್ಟಿರಲಿಲ್ಲ.

ಸುನಂದಾ ಬಾಯಿ ತೆರೆದಳು. ಗದ್ದುಗೆ ನೆನಪಾಯಿತು. ಸಂಗಮೇಶ್ ಇನ್ನೂ ಹೊರಗಿನವನೇ ಅಲ್ಲವೇ ಎಂದುಕೊಂಡಳು. ಮನೆಯವನಾದ ಮೇಲೆ ಹೇಳಿದರಾಯಿತು. ಬಾಯಿ ಮುಚ್ಚಿಕೊಂಡಳು.

“ನನ್ನ ಬಗ್ಗೆನೂ ಹಿಂಗ ತೂಕ ಹಾಕ್ತೀರೇನು?” ಎಂದು ಮಾತು ತಿರುಗಿಸಿದಳು.

“ಹಾಕೀನಿ.”

“ಏನು ಸಿಕ್ತು ಪುರಾವಿ?”

“ಮೊದಲು ನೀವು ಹೊತ್ತು ಮೂಡೋ ಮುಂದ ನೀರಿಗೆ ಹೋಗ್ತಿದ್ರಿ ಅಂತ ನಿಮ್ಮ ಅಜ್ಜಿ ಹೇಳಿದ್ರು. ಈಗ ಭಾನುವಾರ ಮಾತ್ರ ನನ್ನ ಬಸ್ ಬರೋ ಹೊತ್ತಿಗೆ ಹೋಗ್ತೀರಿ.”

ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. “ಅದು ಸುಮ್ಮನ ಹಂಗ ಕೂಡಿ ಬಂದಿರಬಹುದು.”

“ಇರಬಹುದು. ಅದಕ್ಕ ಇನ್ನೂ ಯಾರಿಗೂ ಹೇಳಿಲ್ಲ.”

ಹೊಳೆಯ ಕಡೆಯಿಂದ ಗಾಳಿ ಬಂದು ಅವಳ ಮುಂಗುರುಳನ್ನು ಕಣ್ಣಿಗೆ ತಂದಿತು. ಅವನು ಕೈ ಎತ್ತಿದ, ಅರ್ಧಕ್ಕೆ ನಿಲ್ಲಿಸಿ ತನ್ನ ತಲೆಯನ್ನೇ ಕೆರೆದುಕೊಂಡ. ಅವಳು ನಕ್ಕಳು. ಮನೆಗೆ ಬರುವವರೆಗೂ ಇಬ್ಬರೂ ಮಾತಾಡಲಿಲ್ಲ, ಮಾತು ಬೇಕೆಂದೂ ಅನ್ನಿಸಲಿಲ್ಲ.

*

ಎರ್ರಿಸ್ವಾಮಿ ಕುರುಗೋಡಿಗೆ ಹೋಗಿ ಸಂಗಮೇಶನ ಮನೆ ನೋಡಿ ಬಂದರು. ಅವನ ತಾಯಿ ವೀರಭದ್ರಮ್ಮ ಹೋಳಿಗೆ ಮಾಡಿ ಬಡಿಸಿ, “ಅಂಬಲಿಯವ್ವ ನಮ್ಮೂರಿಂದ ನಿಮ್ಮೂರಿಗೆ ಹೋದಾಕಿ. ಈಗ ನಿಮ್ಮೂರ ಮಗಳು ನಮ್ಮನಿಗೆ ಬರ್ತಾಳ,” ಎಂದಳಂತೆ. ಅಪ್ಪ ಆ ಮಾತನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದರು. ಪುಸ್ತಕ ಬಿಡುಗಡೆ ಆಗಲಿ, ಆಮೇಲೆ ನಿಶ್ಚಿತಾರ್ಥ ಎಂದು ಮಾತಾಯಿತು.

ಬಿಡುಗಡೆಗೆ ವಾರವಿರುವಾಗ ಸಂಗಮೇಶ್ ಸಿರುಗುಪ್ಪದ ಶಾಲೆಯ ಗೇಟಿನ ಹತ್ತಿರ ಕಾದು ನಿಂತಿದ್ದ. ಮುಖ ಬಾಡಿತ್ತು.

“ಟೀಚರ್, ಕಲ್ಲು ಪೂರ್ತಿ ಓದಿದೆ. ಅವ್ವನ ಹೆಸರು ಅಂತ ನಿಮ್ಮ ಅಪ್ಪಾಜಿ ಓದೋದು ‘ಅಂಬಲಿಯವ್ವೆ’ ಅಲ್ಲ, ‘ಅಂಬಿಗವೃತ್ತಿ’. ಹೊಳಿ ದಾಟಿಸೋ ಅಂಬಿಗರಿಗೆ ರಾಜ ಹೊಲ ಬಿಟ್ಟುಕೊಟ್ಟದ್ದು. ಅಕ್ಷರ ನೋಡಿದ್ರ ವಿಜಯನಗರದ ಕಾಲದ್ದು, ಅವ್ವನ ಕಾಲದ್ದೂ ಅಲ್ಲ.”

“ಹಂಗಂದ್ರ ಆಕಿ ಇರಲಿಲ್ಲೇನು?”

“ಹಂಗಲ್ರಿ. ಈ ಕಲ್ಲು ಆಕಿ ಬಗ್ಗೆ ಅಲ್ಲ, ಅಷ್ಟ. ಆಕಿ ಕಥಿ ಬರೆದ ಪುರಾಣದ ತಾಡೋಲೆ ಇನ್ನೂ ಈಚಿನದು. ಇದ್ದಳೋ ಇಲ್ಲೋ ಗೊತ್ತಿಲ್ಲ. ಲೇಖನದಾಗ ಹಂಗೇ ಬರೆದು ಕೊಟ್ಟೆ. ಟ್ರಸ್ಟಿನವರು ಅದನ್ನ ಬಿಟ್ಟು ತಮಗ ಬೇಕಾದ್ದು ಹಾಕ್ಯಾರ. ಆದ್ರ ವೇದಿಕಿ ಮ್ಯಾಲೆ ಮಾತ್ರ ನಾನು ಬೇಕಂತ.”

“ಯಾರಾದ್ರೂ ಕೇಳಿದ್ರ ಗೊತ್ತಿಲ್ಲ ಅನ್ರಿ. ಗೊತ್ತಿಲ್ಲ ಅಂದ್ರ ಅಪ್ಪ ತಡಕೊಂತಾರ. ಇಲ್ಲ ಅನಬ್ಯಾಡ್ರಿ.”

“ಇಲ್ಲ ಅನ್ನಾಕ ನನ್ನ ಹತ್ರ ಪುರಾವಿ ಎಲ್ಲೈತಿ? ಗೊತ್ತಿಲ್ಲ ಅಂತೀನಿ. ಮಾತು ಕೊಟ್ಟೆ.”

ಹಾಡು ಮತ್ತೆ ಅವಳ ನಾಲಿಗೆಯ ತುದಿಗೆ ಬಂತು. ಶಾಲೆಯ ಹುಡುಗಿಯರು ನಾಲ್ಕಾರು ಮಂದಿ ಕಿಸಿಕಿಸಿ ನಗುತ್ತ ಹಾದುಹೋದರು. ಅವಳು ಹೇಳಲಿಲ್ಲ. ಹೇಳದಿದ್ದರೂ ನಡೆಯುತ್ತದೆ ಅನ್ನಿಸಿತ್ತು. ಅವನು ಮಾತು ಕೊಟ್ಟಿದ್ದನಲ್ಲ.

*

ಬಳ್ಳಾರಿಯ ಕಲ್ಯಾಣ ಮಂಟಪ ತುಂಬಿ ತುಳುಕುತ್ತಿತ್ತು. ಎರ್ರಿಸ್ವಾಮಿ ಹೊಸ ಪಂಚೆಯುಟ್ಟು, ಶಾಲು ಹೊದ್ದು ವೇದಿಕೆಯ ಮೇಲೆ ಕೂತಿದ್ದರು. ಮೈಕು ಸಿಕ್ಕಾಗ ಎದ್ದು ನಿಂತರು. “ನಮ್ಮ ಕಲ್ಲಿನಾಗ ಅವ್ವನ ಹೆಸರು ಐತಿ. ನಮ್ಮ ಅಳಿಯ ಆಗೋರು ಓದ್ಯಾರ,” ಎಂದರು. ಸಭೆ ಚಪ್ಪಾಳೆ ತಟ್ಟಿತು. ಸುನಂದಾ ಕಣ್ಣು ಮುಚ್ಚಿದಳು. ಅಪ್ಪನಿಗೆ ಮೊದಲೇ ತಿಳಿಸಲು ಅವಳಿಗೂ ಧೈರ್ಯ ಬಂದಿರಲಿಲ್ಲ.

ಸಂಗಮೇಶನ ಸರದಿ ಬಂತು. ಕಲ್ಲಿನಲ್ಲಿರುವುದು ಅಂಬಿಗರ ವಿಷಯ ಎಂದು ಮೆತ್ತಗೆ, ಗೌರವದಿಂದಲೇ ಹೇಳಿದ. ಸಭೆಯಲ್ಲಿ ಗುಜುಗುಜು ಎದ್ದಿತು. ಟ್ರಸ್ಟಿನ ಅಧ್ಯಕ್ಷ ಜಡೆಪ್ಪ ಪಕ್ಕದ ಮೈಕು ಎಳೆದುಕೊಂಡ.

“ಕಲ್ಲಿನ ಮಾತು ಹೋಗಲಿ ಮೇಷ್ಟ್ರ. ಅವ್ವ ಇದ್ದಳೋ ಇಲ್ಲೋ? ಅದನ್ನ ಹೇಳ್ರಿ.”

“ಗೊತ್ತಿಲ್ರಿ.”

“ಗೊತ್ತಿಲ್ಲ ಅನ್ನಾಕ ಸರ್ಕಾರ ಸಂಬಳ ಕೊಡತೈತೇನು? ಇಷ್ಟು ದಿನ ಕಡವಿನಹಾಳಿಗೆ ಏನು ಓದಾಕ ಹೋಗ್ತಿದ್ರಿ ಮತ್ತ? ಕಲ್ಲು ಓದಿದ್ರೋ, ಕಲ್ಲು ಕಾಯೋರ ಮಗಳನ್ನ ಓದಿದ್ರೋ?”

ಸಭೆ ಗೊಳ್ಳೆಂದು ನಕ್ಕಿತು. ಸುನಂದಾ ತಲೆ ತಗ್ಗಿಸಿದಳು. ತಗ್ಗಿಸುವ ಮುಂಚೆ ಸಂಗಮೇಶನ ಮುಖ ಕಂಡಿತ್ತು. ಅದು ಅವಳು ನೋಡಿರದ ಮುಖ.

“ಇರಲಿಲ್ಲ,” ಅಂದ ಅವನು. “ಅಂಬಲಿಯವ್ವ ಅನ್ನೋಳು ಯಾರೂ ಇರಲಿಲ್ಲ. ಇದೆಲ್ಲ ಕಟ್ಟುಕಥಿ. ಸಾಕೇನ್ರಿ?”

ನಗು ನಿಂತಿತು. ಎರ್ರಿಸ್ವಾಮಿ ಶಾಲು ತೆಗೆದು, ಮಡಿಚಿ, ಕುರ್ಚಿಯ ಮೇಲಿಟ್ಟು ಕೆಳಗಿಳಿದರು. ಯಾರ ಕಡೆಗೂ ನೋಡಲಿಲ್ಲ.

ಸಂಗಮೇಶ್ ಮೆಟ್ಟಿಲ ಹತ್ತಿರ ಓಡಿಬಂದು ಸುನಂದಾಳನ್ನು ತಡೆದ. “ಟೀಚರ್, ನಿಮ್ಮ ಬಗ್ಗೆ ಹಂಗ ಅಂದಿದ್ದಕ್ಕ ತಡಿಯಾಕ ಆಗಲಿಲ್ಲ. ಬಾಯಿ ಜಾರಿತು.”

“ಸಿಟ್ಟು ಜಡೆಪ್ಪನ ಮ್ಯಾಲೆ ಬಂತು ಸರ. ಬಿದ್ದದ್ದು ಅಪ್ಪನ ಮ್ಯಾಲೆ.”

“ನನಗ ಗೊತ್ತು.”

“ನಿಮಗ ಗೊತ್ತಿದ್ದಕ್ಕಿಂತ ಜಾಸ್ತಿ ಹೇಳಿಬಿಟ್ರಿ,” ಎಂದು ಅವಳು ಅಪ್ಪನ ಹಿಂದೆ ನಡೆದಳು.

*

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗದ್ದುಗೆಯ ಬಾಗಿಲು ತೆಗೆಯುತ್ತಿದ್ದರು, ದೀಪ ಹಚ್ಚುತ್ತಿದ್ದರು. ಅಂಬಲಿ ಮಾತ್ರ ಎರೆಯಲಿಲ್ಲ. “ಇರದಾಕಿ ಹೆಸರಿನಾಗ ಏನು ಎರೆಯೋದು,” ಎಂದು ಒಮ್ಮೆ ಅಂದರು. ಎಷ್ಟೋ ತಲೆಮಾರುಗಳಿಂದ ಆರದ ಒಲೆ ಸುಗ್ಗಿಯವರೆಗೆ ಆರಿಯೇ ಇತ್ತು. ಕೊನೆಗೆ ಚನ್ನವೀರಮ್ಮಜ್ಜಿಯೇ ಕಟ್ಟಿಗೆ ಒಟ್ಟಿ, “ಆಕಿ ಇರಲಿ ಬಿಡಲಿ, ಹಸಿದವರು ಅದಾರಲ್ಲ,” ಎಂದು ಗಡಿಗೆ ಏರಿಸಿದಳು.

ಸಂಗಮೇಶ್ ಫೋನು ಮಾಡಿದ. ಸುನಂದಾ ಎತ್ತಲಿಲ್ಲ. ಊರಿಗೆ ಬಂದ. ಅವಳು ಒಳಮನೆಯಲ್ಲೇ ಕೂತಿದ್ದಳು. ಕಟ್ಟೆಯ ಮೇಲೆ ಬಿಸಿಲು ಸರಿಯುವವರೆಗೆ ಕೂತು ಎದ್ದು ಹೋದ. ಪೇಪರಿನಲ್ಲಿ ‘ಇರಲಿಲ್ಲ ಎಂದದ್ದು ನನ್ನ ತಪ್ಪು, ಗೊತ್ತಿಲ್ಲ ಎನ್ನಬೇಕಿತ್ತು’ ಎಂದು ಬರೆದ. ಅವಳು ಅದನ್ನು ಅಪ್ಪನಿಗೆ ಓದಿ ಹೇಳಿದಳು.

“ನಕ್ಕವರು ಸಭಾ ತುಂಬ ಇದ್ರು,” ಅಂದರು ಅಪ್ಪ. “ಪೇಪರ್ ಯಾರು ಓದ್ತಾರವ್ವ? ಆದ್ರ ನಿನ್ನ ಮನಸು ಅವನ ಕಡೆ ಇದ್ರ ನಾನು ಬ್ಯಾಡ ಅನ್ನಂಗಿಲ್ಲ.”

“ನನಗ ಬ್ಯಾಡ,” ಎಂದಳು ಸುನಂದಾ. ಆ ಮಾತು ಎಷ್ಟು ಸುಲಭವಾಗಿ ಬಂತೆಂದರೆ ಅವಳಿಗೇ ಭಯವಾಯಿತು.

ಆ ಮಧ್ಯಾಹ್ನ ಅಜ್ಜಿ ಬೀಸುಕಲ್ಲಿನ ಮುಂದೆ ಕೂತಲ್ಲೇ ಕೇಳಿದಳು. “ಅವನು ಅಂದದ್ದು ತಪ್ಪು, ಖರೆ. ಹಾಡು ಗೊತ್ತಿದ್ದೂ ನೀನು ಅನ್ನದೇ ಇದ್ದೆಲ್ಲ, ಅದು?”

ಅಂದಿನಿಂದ ಆ ಪ್ರಶ್ನೆ ಸುನಂದಾಳನ್ನು ಬಿಡಲಿಲ್ಲ. ಎಷ್ಟೋ ಸಲ ಫೋನು ಕೈಗೆ ತೆಗೆದುಕೊಂಡಳು. ನಾನೇಕೆ ಮೊದಲು ಮಾತಾಡಲಿ ಎಂದು ಕೆಳಗಿಟ್ಟಳು. ಅವನ ಫೋನು ಬರುವುದು ನಿಂತಿತು. ಹೀಗೆ ಎರಡು ವರ್ಷ ಹೋದವು. ಗಂಗಾವತಿಯ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಚಿನ್ನಪ್ಪ ನೋಡಲು ಬಂದ. ಮಿತಭಾಷಿ. ಅಜ್ಜಿ ಎರೆದ ಅಂಬಲಿ ಕುಡಿದು, ಲೋಟ ತಾನೇ ತೊಳೆದಿಟ್ಟ. ಸುನಂದಾ ಹೂಂ ಅಂದಳು.

*

ಮದುವೆಯ ಜವಳಿಗೆಂದು ಸೋದರತ್ತೆ ಗಂಗಕ್ಕನ ಜೊತೆ ಬಳ್ಳಾರಿಯ ಬ್ರೂಸ್‌ಪೇಟೆಗೆ ಬಂದ ದಿನ ಸಂಗಮೇಶ್ ಎದುರಾದ. ತಳ್ಳುಗಾಡಿ, ಆಟೊ, ಮೂಟೆ ಹೊತ್ತವರ ನಡುವೆ ಇಬ್ಬರೂ ನಿಂತುಬಿಟ್ಟರು. ಅವನ ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಗಂಗಕ್ಕ ಇಬ್ಬರ ಮುಖವನ್ನೂ ನೋಡಿ, “ನಾನು ಬಳಿ ಅಂಗಡಿಯಾಗ ಇರ್ತೀನಿ,” ಎಂದು ಹೊರಟಳು.

ಚಹಾದಂಗಡಿಯ ಬೆಂಚಿನ ಮೇಲೆ ಕೂತರು. ಅವಳ ಕೈಯ ಸೀರೆಯ ಚೀಲ ನೋಡಿ ಅವನು ಅರ್ಥಮಾಡಿಕೊಂಡ.

“ಯಾವಾಗ್ರಿ?”

“ಬರೋ ತಿಂಗಳು.”

“ಒಳ್ಳೇದಾತು,” ಎಂದ. ಚಹಾ ಆರುತ್ತಿತ್ತು. “ಕ್ಷಮಾ ಕೇಳಾಕ ಬಂದಾಗ ನೀವು ಹೊರಗ ಬರಲಿಲ್ಲ.”

“ಬರಬೇಕಾಗಿತ್ತು,” ಅಂದಳು ಸುನಂದಾ. “ಸರ, ನಾನೂ ಒಂದು ಮಾತು ಹೇಳಬೇಕಾಗಿತ್ತು. ನಿಟ್ಟೂರಿನಾಗ.”

ಆಮೇಲೆ ಆ ಗದ್ದಲದಲ್ಲೇ, ಲೋಟ ತೊಳೆಯುವ ಸದ್ದಿನ ಮಧ್ಯೆ, ಮೆತ್ತಗೆ ಅಜ್ಜಿಯ ಹಾಡು ಹೇಳಿದಳು. ಬರಿದಾದ ಗಡಿಗೆ. ಹಾಕಿದ ಕದ. ಅಳು ನಿಲ್ಲಿಸಿದ ಕೂಸು. ಅಪ್ಪ ಮಾತು ತೆಗೆದುಕೊಂಡದ್ದನ್ನೂ ಹೇಳಿದಳು.

ಸಂಗಮೇಶ್ ಅಲ್ಲಾಡದೆ ಕೇಳಿದ. ಕೊನೆಗೆ ಎರಡೂ ಕೈಗಳಿಂದ ಮುಖ ಒರೆಸಿಕೊಂಡ.

“ಇದನ್ನ ಯಾರೂ ಕಟ್ಟಂಗಿಲ್ಲ ಟೀಚರ್. ಪೂಜಿ ಮಾಡೋರು ತಮ್ಮ ಅವ್ವನ ಮ್ಯಾಲೆ ಇಂಥ ಮಾತು ಕಟ್ಟತಾರೇನು? ಮುಚ್ಚಿಡಾಕ ನೋಡ್ಯಾರ, ಆದ್ರೂ ಹೆಣ್ಣುಮಕ್ಕಳ ಬಾಯಾಗ ಉಳದೈತಿ. ಯಾವಾಕಿನೋ ಒಬ್ಬಾಕಿ ಕದ ಹಾಕಿದ್ದು ನಡೆದಿರಬೇಕು.”

“ಅವತ್ತು ಇದು ಗೊತ್ತಿದ್ರ ಸಭಾದಾಗ ಏನಂತಿದ್ರಿ? ಇದ್ದಳು ಅಂತಿದ್ರಾ?”

ಅವನು ಯೋಚಿಸಿದ. ಈಗಲೂ ಅವಳಿಗಾಗಿ ಒಂದು ಅಕ್ಷರ ಹೆಚ್ಚು ಹೇಳಲು ಅವನಿಂದ ಆಗಲಿಲ್ಲ. ಅದೇ ಕಾರಣಕ್ಕೆ ಅವಳಿಗೆ ಅವನು ಇಷ್ಟವಾಗಿದ್ದ.

“ಇರಬಹುದು ಅಂತಿದ್ದೆ.”

“ಅಷ್ಟ ಸಾಕಾಗ್ತಿತ್ತು ಸರ,” ಅಂದಳು. “ಅಪ್ಪಗೂ. ನನಗೂ.”

ಇಬ್ಬರೂ ಬೀದಿಯ ಕಡೆ ನೋಡುತ್ತ ಕೂತರು. ಅವನ ಕೈ ಬೆಂಚಿನ ಮೇಲೆ ಅವಳ ಕೈಯ ಪಕ್ಕದಲ್ಲೇ ಇತ್ತು. ಯಾರೂ ಕೈ ಸರಿಸಲಿಲ್ಲ, ಮುಟ್ಟಲೂ ಇಲ್ಲ.

“ಈಗ ತಡ ಆಗೈತೇನ್ರಿ?” ಎಂದು ಕೇಳಿದ, ಅವಳನ್ನು ನೋಡದೆ.

ಲೋಟ ತೊಳೆದಿಟ್ಟ ಚಿನ್ನಪ್ಪ ಅವಳಿಗೆ ನೆನಪಾದ. ಅವನು ಯಾವ ತಪ್ಪನ್ನೂ ಮಾಡಿರಲಿಲ್ಲ.

“ಆಗೈತಿ,” ಅಂದಳು.

ಅವನು ತಲೆಯಾಡಿಸಿದ. “ಆ ಹಾಡು ಅಜ್ಜಿ ಬಾಯಿಲೆ ಕೇಳಬೇಕು. ರೆಕಾರ್ಡ್ ಮಾಡ್ಕೊಬೇಕು. ಬರಬಹುದೇನು?”

“ಅಪ್ಪನ್ನ ಕೇಳ್ರಿ. ನಾನು ಆ ಮನಿಯಾಗ ಇಲ್ಲದಾಗ ಬರ್ರಿ.”

ಬಳೆ ಅಂಗಡಿಯ ಬಾಗಿಲಲ್ಲಿ ಗಂಗಕ್ಕ ಕೈಬೀಸಿ ಕರೆಯುತ್ತಿದ್ದಳು. ಸುನಂದಾ ಎದ್ದಳು. ಅವನೂ ಎದ್ದು ನಿಂತ. ಅವಳು ಗುಂಪಿನಲ್ಲಿ ಮರೆಯಾಗುವವರೆಗೂ ಹಾಗೇ ನಿಂತಿದ್ದನೋ ಏನೋ, ಅವಳು ತಿರುಗಿ ನೋಡಲಿಲ್ಲ.

*

ಮದುವೆಯಾಗಿ ಗಂಗಾವತಿಗೆ ಹೋದ ಮೇಲೆ ಒಂದು ಭಾನುವಾರ ಅಪ್ಪ ಫೋನು ಮಾಡಿದರು. ಸಂಗಮೇಶ್ ಬಂದಿದ್ದನಂತೆ. ಮೊದಲು ಗದ್ದುಗೆಯ ಮುಂದೆ ಕೂತನಂತೆ. ಆಮೇಲೆ ಅಪ್ಪನ ಕಾಲು ಮುಟ್ಟಿದನಂತೆ.

“ನಾನು ಬೈಬೇಕು ಅಂತ ಇದ್ದೆ,” ಅಂದರು ಅಪ್ಪ. “ಆಗಲಿಲ್ಲವ್ವ. ‘ಅವ್ವ ತಪ್ಪು ಮಾಡಿದಾಕಿ ಅಂದ್ರ ಸಣ್ಣಾಕಿ ಆಗಂಗಿಲ್ರಿ, ಖರೆ ಆಗ್ತಾಳ,’ ಅಂದ. ಹಾಡಾಕ ಅಜ್ಜಿಗೆ ನಾನೇ ಹೇಳಿದೆ.”

ಅಪ್ಪನ ಫೋನಿನಿಂದ ರೆಕಾರ್ಡಿಂಗು ವಾಟ್ಸಾಪಿನಲ್ಲಿ ಬಂತು. ಚಿನ್ನಪ್ಪ ಸಂತೆಗೆ ಹೋಗಿದ್ದ. ಸುನಂದಾ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ಕಿವಿಗೆ ಹಿಡಿದಳು. ಬೀಸುಕಲ್ಲಿನ ಗರಗರ. ಅಜ್ಜಿಯ ಒಡೆದ ದನಿ. ಹಾಡು ಮುಗಿದ ಮೇಲೆ ಸಂಗಮೇಶನ ದನಿ: “ಇನ್ನೊಮ್ಮೆ ಹೇಳ್ರಿ ಅಜ್ಜಿ.” ಅಜ್ಜಿ ಇನ್ನೊಮ್ಮೆ ಹೇಳಿದಳು. ಆಮೇಲೆ ಬೀಸುಕಲ್ಲು ನಿಂತಿತು.

“ಅಲ್ಲೋ ತಮ್ಮ,” ಎಂದು ಅಜ್ಜಿ ಕೇಳಿದ್ದಳು. “ಇಷ್ಟು ಯಾಕ ತಡ ಮಾಡಿದ್ರಿ ಇಬ್ಬರೂ?”

ದೂರದಲ್ಲಿ ಹೊಳೆಯ ಸದ್ದು, ಯಾರೋ ಗಂಟಲು ಸರಿಪಡಿಸಿಕೊಂಡದ್ದು, ಅಷ್ಟೇ. ಸುನಂದಾ ಕಿವಿಗೆ ಫೋನು ಒತ್ತಿಕೊಂಡು ಕಾದಳು. ರೆಕಾರ್ಡಿಂಗು ಅಲ್ಲಿಗೆ ಮುಗಿಯಿತು.